ಮೂವರು ಹೇಳಿದ ದಾರಿ

ಹಾರೂಗೇರಿಯಿಂದ ಯಾರೇ ಬೆಂಗಳೂರಿನ ದೊಡ್ಡ ದವಾಖಾನೆಗೆ ಹೊರಟರೂ ಜೊತೆಗೆ ನಮ್ಮ ಭರಮು ಕಾಕಾ ಇರಲೇಬೇಕು. ರೈಲು ಇನ್ನೂ ಅರಸೀಕೆರೆ ಬಿಟ್ಟಿರುವುದಿಲ್ಲ, ಆಗಲೇ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಾನೆ. ಸ್ಟೇಶನ್ನಿನಲ್ಲಿ ಇಳಿದೊಡನೆ ಪೇಷಂಟಿನ ಕೈ ಹಿಡಿದರೆ ಆಟೊ ಹತ್ತುವವರೆಗೂ ಬಿಡುವುದಿಲ್ಲ. ಹಮಾಲನನ್ನು ಕೇಳುತ್ತಾನೆ, ಪೊಲೀಸನನ್ನು ಕೇಳುತ್ತಾನೆ, ಹೂ ಮಾರುವವಳನ್ನೂ ಬಿಡುವುದಿಲ್ಲ. ಗಡಿ ಸೀಮೆಯವನು, ಗಾಬರಿಗೆ ಅರ್ಧ ಮಾತು ಮರಾಠಿಯಾಗಿರುತ್ತದೆ. ಮೂವರೂ ಒಂದೇ ದಾರಿ ಹೇಳಿದರಷ್ಟೇ ಆಟೊ. ಅದರಲ್ಲೂ ಪ್ರತಿ ಸಿಗ್ನಲ್ಲಿಗೆ ಡ್ರೈವರನಿಗೆ, "ಬರೋಬ್ಬರಿ ಹೊಂಟೇವಲ್ರೀ?" ಮೊನ್ನೆ ಪೇಷಂಟ್ ನೀಲಮಳೇ ರೇಗಿದಳು: "ನಲವತ್ತ ಸಲ ಬಂದೀರಿ ಕಾಕಾ, ಇನ್ನೂ ಯಾಕ ಕೇಳ್ತೀರಿ?" ಕಾಕಾ ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಮೊದಲನೇ ಸಲ ನನ್ನ ಹೇಂತಿನ್ನ ಕರ್ಕೊಂಡ ಬಂದಾಗ ನಾಚಿ ಯಾರ್ನೂ ಕೇಳಲಿಲ್ಲ ಬೇ. ದವಾಖಾನಿ ಮುಟ್ಟೂದ್ರಾಗ ತಡಾ ಆಗಿತ್ತ."