ಬೆಂಕಿ ಸೇತುರಾಮ್

ಜರ್ಮನಿಯ ಡ್ರೆಸ್ಡೆನ್ನಿನ ಕನ್ನಡಿಗರಲ್ಲಿ ಬೆಂಕಿ ಸೇತುರಾಮ್ ಗೊತ್ತಿಲ್ಲದವರಿಲ್ಲ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಮೈಸೂರಿನಿಂದ ಬಂದ ಇವರು ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಅಗ್ನಿ ಸುರಕ್ಷತೆಯ ಇಂಜಿನಿಯರ್. ಬಾಯಿ ತೆರೆದರೆ ಹತ್ತೊಂಬತ್ತನೇ ಶತಮಾನದ ಅಮೆರಿಕ ಧಗಧಗ ಉರಿಯುತ್ತದೆ. ದೀಪಾವಳಿಗೆ ನಾವು ಹಣತೆ ಹಚ್ಚಿದರೆ ಇವರು ನೀರಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಲ್ಲುತ್ತಾರೆ. ಆರತಿ ತಟ್ಟೆ ಮುಂದೆ ಬಂದರೆ, "ಬೋಸ್ಟನ್ ಸುಟ್ಟಾಗ ಫೈರ್ ಇಂಜಿನ್ ಎಳೆಯೋ ಕುದುರೆಗಳಿಗೆಲ್ಲ ಜ್ವರ ಕಣ್ರೀ, ಜನಾನೇ ಎಳೆದ್ರು," ಎಂದು ನಿಟ್ಟುಸಿರಿಟ್ಟು ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಗ್ಗರಣೆಯ ಹೊತ್ತಿಗೆ ಹೊಗೆ ಅಲಾರಂ ಕೂಗದಿರಲೆಂದು ಅದಕ್ಕೆ ಶವರ್ ಕ್ಯಾಪ್ ತೊಡಿಸುವುದು ನಮ್ಮೆಲ್ಲರ ಮನೆಯ ಪದ್ಧತಿ. ಅದು ಕಣ್ಣಿಗೆ ಬಿದ್ದರೆ ಕುರ್ಚಿ ಹತ್ತಿ ತಾವೇ ಕಿತ್ತು ಜೇಬಿಗಿಳಿಸುತ್ತಾರೆ. ಅವರ ಮನೆಯ ಸಾರಿಗಂತೂ ಒಗ್ಗರಣೆಯೇ ಇಲ್ಲ. "ದಿನಾ ಆಸ್ಪತ್ರೆ ಊಟ," ಎಂದು ಹೆಂಡತಿ ರಚನಾ ಗೊಣಗುತ್ತಾರೆ. ಇಷ್ಟೊಂದು ಬೆಂಕಿಯ ಭಯವೇ ಎಂದು ನಾನೂ ನಗುತ್ತಿದ್ದೆ. ಮೊನ್ನೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೇಲಿನ ಮಹಡಿಯಲ್ಲಿ ಯಾರದೋ ಬ್ರೆಡ್ ಸೀದು ಅಲಾರಂ ಕೂಗಿಕೊಂಡಿತು. ಸೇತುರಾಮ್ ಬಕೆಟ್ ಹುಡುಕಲಿಲ್ಲ. ಸುಮ್ಮನೆ ಎದ್ದು ಮುಂಬಾಗಿಲು ತೆಗೆದರು, ಅಡುಗೆಮನೆಯ ಬಾಗಿಲನ್ನೂ ತೆಗೆದರು, ಹೊರಗಿನವರಿಗೆ ಆರಿದ ಒಲೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತರು. ಮೆಟ್ಟಿಲಿಳಿದು ಬಂದ ಜರ್ಮನ್ ನೆರೆಯವರು ಮೊದಲು ನೋಡಿದ್ದೂ ಆ ಒಲೆಯನ್ನೇ. "ಶಿಕಾಗೋ ಸುಟ್ಟಾಗ, ಐರ್ಲೆಂಡಿಂದ ವಲಸೆ ಬಂದಿದ್ದ ಒಬ್ಬಾಕೆಯ ಹಸು ಲಾಟೀನು ಒದ್ದಿದ್ದಕ್ಕೇ ಬೆಂಕಿ ಹತ್ತಿದ್ದು ಅಂದ್ರು. ಒದ್ದಿದ್ದು ಯಾರೂ ನೋಡಿರ್ಲಿಲ್ಲ," ಎಂದರು ಸೇತುರಾಮ್, ದಣಿದ ದನಿಯಲ್ಲಿ. "ಪಾಪ, ಸಾಯೋವರೆಗೂ ಆಯಮ್ಮ ಬಾಗಿಲು ಹಾಕ್ಕೊಂಡೇ ಬದುಕಿದ್ಲು. ಅದಕ್ಕೇ ನಾನು ತೆಗೆದಿಡ್ತೀನಿ."