ಸೊನ್ನೆಗೆ ಇಳಿಯುವ ಚುಕ್ಕೆಗಳು

ಒಂದು ಚಪಾತಿ ನೆಟ್ಟಗೆ ಲಟ್ಟಿಸಲು ಬಿಡದೆ ಮತ್ತೆ ಕರೆದಳು, ನಾನು ಅಡಿಗೆ ಮಾಡುವ ನೆರೂಳ್ ಬಡಾವಣೆಯ ಮನೆಯ ಕಾಲೇಜು ಹುಡುಗಿ. ಕೈಯಲ್ಲಿ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್.

"ಆಂಟಿ, ಇಳೀತಾ ಹೋಗುವ ಮೂರು ಸಂಖ್ಯೆ ಹೇಳಿ. ಮುಂದಿನದ್ದು ಇದು ಅಂದಾಜು ಮಾಡ್ತದೆ."

"ನನ್ನ ಹತ್ತನೇ ಕ್ಲಾಸಿನ ಗಣಿತ ಹಿಟ್ಟಿನ್ಯಾಗ ಕಲಸಿಬಿಟ್ಟೀನಿ ತಂಗಿ," ಎಂದೆ. ಆದರೂ ಬಾಯಿಗೆ ಬಂದದ್ದು ನನ್ನ ಎರಡು ವರ್ಷದ ಮಗಳ ದವಾಖಾನೆ ಚೀಟಿಯಲ್ಲಿನ ತಿಂಗಳ ತೂಕ: ಒಂಬತ್ತೂವರೆ, ಒಂಬತ್ತು, ಎಂಟೂವರೆ.

ಹುಡುಗಿ ಗುಂಡಿ ಒತ್ತಿದಂತೆ ಪರದೆಯಲ್ಲಿ ಚುಕ್ಕೆಗಳು ಇಳಿದವು. ಎಂಟು, ಏಳೂವರೆ, ಏಳು. "ಹೀಗೇ ಹೋದ್ರೆ ಸೊನ್ನೆ!" ಎಂದು ನಕ್ಕಳು.

ನನ್ನ ಮಗುವಿಗೆ ಟಿಬಿ ಎಂದು ಈ ಮನೆಯವರಿಗೆ ತಿಳಿದರೆ ಅಡಿಗೆಯವಳನ್ನು ಅಂದೇ ಬಿಡಿಸುತ್ತಾರೆ. ಒಲೆಯ ಹತ್ತಿರ ಹೋಗಿ ಮತ್ತೆ ಲಟ್ಟಣಿಗೆ ಎತ್ತಿಕೊಂಡೆ. ಹಿಂದಿನಿಂದ ಅವಳು ಕೇಳಿದಳು:

"ಯಾವುದರ ಸಂಖ್ಯೆ ಇದು ಆಂಟಿ, ನಿಮ್ಮ ಸಿಲಿಂಡರಿನಲ್ಲಿ ಉಳಿದ ಗ್ಯಾಸಾ?"