ಫಕೀರವ್ವ ಹೇಳಿದ ಸೀರಿಯಲ್

ಫಕೀರವ್ವನ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಕಡಿಮೆ. ಬ್ಯಾಡಗಿಯ ನನ್ನ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಹೆಂಗಸರೆಲ್ಲ ಘಾಟಿಗೆ ಅಂಜಿ ಮೂಗು ಬಾಯಿಗೆ ಹಳೆಯ ಬಟ್ಟೆ ಸುತ್ತಿಕೊಂಡು ಕೂಡುತ್ತಾರೆ. ಕಾಣುವುದು ಕಣ್ಣಷ್ಟೇ. ಆದರೆ ಫಕೀರವ್ವನನ್ನು ಗುರುತಿಸಲು ಮುಖ ಬೇಕಿರಲಿಲ್ಲ. ಬಟ್ಟೆಯೊಳಗಿಂದಲೇ ಆಕೆಯ ದನಿ ತಗಡಿನ ಮಾಡಿಗೆ ಬಡಿದು ರಸ್ತೆಯವರೆಗೂ ಕೇಳುತ್ತಿತ್ತು: “ನಿನ್ನಿ ಏನಾತು ಅಂದ್ರ…”

ನಿನ್ನೆ ಆದದ್ದು ಟೀವಿಯಲ್ಲಿ. ಸಂಜೆಯ ಸೀರಿಯಲ್ಲುಗಳನ್ನೆಲ್ಲ ನೋಡಿ, ಮರುದಿನ ರಾಶಿಯ ಮುಂದೆ ಕೂತು, ಅಡುಗೆಮನೆಯ ಕೆಲಸದಲ್ಲಿ ನೋಡಲಾಗದೆ ಹೋದವರಿಗೆ ಹೇಳುವುದು ಆಕೆಯ ಪದ್ಧತಿ. ಕಥೆಯ ನಡುನಡುವೆ ತನ್ನ ಅಭಿಪ್ರಾಯವನ್ನೂ ಸೇರಿಸುತ್ತಿದ್ದಳು. “ಮಲಗುವಾಗೂ ಮೈತುಂಬ ಬಂಗಾರ ಹಾಕ್ಕೋತಾಳ ನೋಡ್ರಿ, ಮಗ್ಗಲಾ ಬದಲಿಸಿದ್ರ ಚುಚ್ಚೂದಿಲ್ಲೇನು?” ಹಾಡಿನ ಸ್ಪರ್ಧೆಯ ಜಡ್ಜುಗಳು ಕಣ್ಣೊರೆಸಿಕೊಂಡರೆ, “ಇವ್ರು ಅಳೂದಕ್ಕ ಪಗಾರ ತಗೋತಾರ. ನಾವು ಮೆಣಸಿನಕಾಯಿ ಮುಂದ ಪುಗಸಟ್ಟೆ ಅಳತೇವಿ.” ಹತ್ತಾರು ಮಂದಿಯನ್ನು ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳ ತೋರಿಸುವ ಶೋ ಆಕೆಗೆ ಸೇರುತ್ತಿರಲಿಲ್ಲ. “ಇದಕ್ಕ ಟೀವಿ ಯಾಕ ಬೇಕು? ನಳಕ್ಕ ನೀರು ಬಂದ ದಿನ ನಮ್ಮ ಓಣಿಗೆ ಬರ್ರಿ.”

ನಾನು ಹಮಾಲಿ ಮಾಡಿ ಮೇಲೆ ಬಂದವನು. ಯಾವುದರಲ್ಲಿ ಲಾಭವಿದೆ ಎಂದು ಬೇಗ ಕಾಣುತ್ತದೆ. ಆಕೆ ಕಥೆ ಹೇಳುವಾಗ ಯಾರೂ ಎದ್ದು ಹೊರಗೆ ಹೋಗುವುದಿಲ್ಲ, ಕೈ ನಿಲ್ಲುವುದಿಲ್ಲ. ಒಂದು ದಿನ ಹತ್ತಿರ ಕರೆದು, “ಕಥಿಯ ಕಡೇ ಗಂಟು ರಾಶಿ ಮುಗಿದ ಮ್ಯಾಲ ಬಿಚ್ಚಬೇಕು ನೋಡವಾ” ಎಂದೆ. ಆಕೆ ನನಗಿಂತ ಜೋರು. “ಹಂಗಾರ ಚಾ ಎರಡು ಸಲ ಬರಬೇಕು ಸಾವ್ಕಾರ್ರ. ಸಕ್ರಿ ಮುಂದಾಗಿರಬೇಕು.” ವ್ಯಾಪಾರ ಕುದುರಿತು. ಹೊಸದಾಗಿ ಧಂದೆಗೆ ಇಳಿಯುವವರಿಗೆ ಇವತ್ತಿಗೂ ಹೇಳುತ್ತೇನೆ: ಕೆಲಸದವರ ಬಾಯಿ ಮುಚ್ಚಿಸಲು ಹೋಗಬೇಡಿ, ಬಾಯಿಯ ಜೊತೆಗೆ ಕೈಯೂ ನಿಲ್ಲುತ್ತದೆ.

ಎಲ್ಲರಿಗೂ ಗೊತ್ತಿದ್ದು, ಆಕೆಯೆದುರು ಯಾರೂ ಎತ್ತದ ಮಾತೊಂದಿತ್ತು. ಆಕೆಯ ಒಬ್ಬಳೇ ಮಗಳು ಶೋಭಾ, ಟೆಂಪೋ ಓಡಿಸುವ ಹುಡುಗನನ್ನು ತಾನೇ ಮೆಚ್ಚಿ, ಮನೆ ಬಿಟ್ಟು ಗುತ್ತಲಕ್ಕೆ ಹೋಗಿ ಸಂಸಾರ ಹೂಡಿದ್ದಳು. ಹೊಸ್ತಿಲು ತುಳಿಯಬಾರದೆಂದು ಅಪ್ಪ ಹೇಳಿದ್ದ. ಅವನು ತೀರಿಕೊಂಡ ಮೇಲೂ ಫಕೀರವ್ವ ಕರೆಯಲಿಲ್ಲ, ಮಗಳು ಬರಲಿಲ್ಲ.

ಬುದ್ಧಿ ಹೇಳುವ ಚಟ ನನಗೆ. ಒಮ್ಮೆ ಹೇಳಿದೆ: “ಯಾರರ ಒಬ್ರು ಮೊದಲ ರೇಟ್ ಹೇಳಬೇಕವಾ. ಇಬ್ರೂ ಸುಮ್ಮನ ನಿಂತ್ರ ಮಾಲು ಕೊಳೀತೈತಿ.”

ಆಕೆ ತೊಟ್ಟು ಮುರಿಯುತ್ತಲೇ ಅಂದಳು: “ಟೀವಿಯೊಳಗಿನ ಬಾಗಿಲಾ ಪ್ಲೈವುಡ್ಡಿಂದು ಸಾವ್ಕಾರ್ರ, ಬೆರಳ ಹಚ್ಚಿದ್ರ ತಗೀತೈತಿ. ನಮ್ಮನೀದು ಬೇವಿನ ಹಲಗೀದು, ಉಬ್ಬಿ ಕುಂತೈತಿ.”

ಆದರೆ ಆಕೆ ಹೇಳುವ ಕಥೆಗಳಲ್ಲಿ ಮನೆ ಬಿಟ್ಟುಹೋದ ಮಗಳು ಯಾವಾಗಲೂ ತಿರುಗಿ ಬರುತ್ತಿದ್ದಳು. ತಾಯಿ ಬಾಗಿಲಿಗೆ ಓಡಿ ಬಂದು, ಕಾಲಿಗೆ ನೀರು ಕೊಟ್ಟು, ಖಣ ಕೊಬ್ಬರಿ ಇಟ್ಟು ಉಡಿ ತುಂಬುತ್ತಿದ್ದಳು. ಹೆಂಗಸರು ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಇದರ ಗುಟ್ಟು ಬಯಲಾದದ್ದು ಮೊಬೈಲಿನಿಂದ. ಮಂಜುಳಾ ಎಂಬ ಹೊಸ ಸೊಸೆಯೊಬ್ಬಳು ಕೆಲಸಕ್ಕೆ ಬರತೊಡಗಿದ್ದಳು. ಎಲ್ಲ ಸೀರಿಯಲ್ಲನ್ನೂ ಮೊಬೈಲಿನಲ್ಲೇ ನೋಡಿಕೊಂಡು ಬರುವವಳು. ಒಂದು ದಿನ ಕಥೆಯ ನಡುವೆಯೇ, “ಯಕ್ಕಾ, ಆಕಿ ಎಲ್ಲಿ ಉಡಿ ತುಂಬ್ಯಾಳ? ಮಗಳ ಕಪಾಳಕ್ಕ ಹೊಡದಾಳ” ಎಂದಳು.

ಫಕೀರವ್ವ ಕಣ್ಣು ಸಹ ಎತ್ತಲಿಲ್ಲ. “ನಿನ್ನಿ ಅವರು ತಪ್ಪು ತೋರ್ಸ್ಯಾರ.”

ಗೋದಾಮು ಗೊಳ್ಳೆಂದಿತು. ನಾನೂ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಆಕೆ ಬಾಯಿ ತೆರೆದರೆ ಸಾಕು, “ಇದು ಟೀವೀದೋ, ನಿಂದೋ?” ಎಂದು ಕಾಡಿಸತೊಡಗಿದರು. ಕಡೆಗೆ ಆಕೆಗೆ ರೇಗಿತು. “ಇನ್ನ ಮ್ಯಾಲ ತೋರಿಸಿದ್ದಷ್ಟ ಹೇಳ್ತೇನಿ. ಒಂದ್ ಮಾತು ಹೆಚ್ಚಿಲ್ಲ, ಕಮ್ಮಿಲ್ಲ.” ಹಾಗೆಯೇ ನಡೆದುಕೊಂಡಳು. ಕಥೆ ಬೇಗ ಮುಗಿಯುತ್ತಿತ್ತು. ಕೇಳುವವರ ಕಣ್ಣು ಒಣಗಿರುತ್ತಿತ್ತು.

ದ್ಯಾವಕ್ಕನಿಗೆ ಇದು ಗೊತ್ತಿರಲಿಲ್ಲ. ಫಕೀರವ್ವನ ಪಕ್ಕದಲ್ಲೇ ಕೂಡುವ ಹಳೆಯ ಗೆಳತಿ ಆಕೆ. ಆ ದಿನಗಳಲ್ಲಿ ತನ್ನ ಮಗಳ ಬಾಣಂತನಕ್ಕೆಂದು ರಾಣೆಬೆನ್ನೂರಿಗೆ ಹೋಗಿದ್ದಳು. ತಿರುಗಿ ಬಂದ ದಿನ ಜೊತೆಗೆ ಒಬ್ಬ ಹೆಣ್ಣುಮಗಳನ್ನು ಕರೆತಂದು ಫಕೀರವ್ವನ ಬೆನ್ನ ಹಿಂದೆ ಕೂರಿಸಿದಳು. ಎಲ್ಲರಂತೆ ಅವಳೂ ಮುಖಕ್ಕೆ ಬಟ್ಟೆ ಸುತ್ತಿದ್ದಳು. ಹೊಸ ಆಳು ಎಂದುಕೊಂಡು ನಾನು ತೂಕದ ಕಡೆ ಹೋದೆ.

ಫಕೀರವ್ವ ಶುರುಮಾಡಿದಳು. ಮಗಳು ಕೂಸನ್ನೆತ್ತಿಕೊಂಡು ತವರಿನ ಬಾಗಿಲಿಗೆ ಬಂದಿದ್ದಾಳೆ, “ಅವ್ವಾ” ಎಂದು ಕರೆಯುತ್ತಿದ್ದಾಳೆ.

“ತಾಯಿ ಬಂದು ಬಾಗಿಲಾ ತಗೀತಾಳಲ್ಲ?” ದ್ಯಾವಕ್ಕ ಕೇಳಿದಳು.

“ಇಲ್ಲ. ಒಳಗ ಅಗಳಿ ಹಾಕ್ಕೊಂಡ್ಲು. ಅಲ್ಲಿಗೆ ಮುಗೀತು.”

“ಅದೇನ ಹಂಗ? ನೀ ಆಗಿದ್ರ ಏನ್ ಮಾಡ್ತಿದ್ದಿ?”

ಫಕೀರವ್ವ ಮಂಜುಳಾಳ ಕಡೆ ಒಮ್ಮೆ ನೋಡಿದಳು. “ನಾನಾದ್ರೂ ಅಷ್ಟ. ಹೋದಾಕಿ ಹೋದ್ಲು. ತಾಯಿ ಮಾಡಿದ್ದು ಖರೇ ಐತಿ.”

ಹಿಂದೆ ಕೂತವಳು ಎದ್ದಳು. ಮಡಿಲಿನ ತೊಟ್ಟು ಬೀಜಗಳನ್ನು ಕೊಡವಿ, ಬಾಗಿಲು ದಾಟಿದಳು. “ಚಾ ಬರತೈತಿ, ನಿಲ್ಲವಾ” ಎಂದೆ. ತಿರುಗಿ ನೋಡಲಿಲ್ಲ.

ದ್ಯಾವಕ್ಕ ಮುಖದ ಬಟ್ಟೆ ಕಿತ್ತು ಹಣೆ ಬಡಿದುಕೊಂಡಳು. “ನಿನ್ನ ಕಥಿಯೊಳಗ ಮಗಳು ಯಾವಾಗಲೂ ಒಳಗ ಬರತಾಳಲ್ಲ ಅಂತ ನಂಬಿ ಗುತ್ತಲಕ್ಕ ಹೋಗಿ ಕರ್ಕೊಂಡು ಬಂದೆ ನಾನು. ತಾಯಿ ಬಾಗಿಲಾ ತಗದ್ಲು ಅಂದಕೂಡ್ಲೇ ಮುಖ ತೋರಸು ಅಂದಿದ್ದೆ. ಆಕಿ ಶೋಭಾ.”

ಫಕೀರವ್ವ ಬರಿಗಾಲಲ್ಲಿ ರಸ್ತೆಯವರೆಗೆ ಓಡಿದಳು. ಮಗಳು ಹತ್ತಿದ ಆಟೋ ಆಗಲೇ ತಿರುವು ದಾಟಿತ್ತು.

ಮರುದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ. ಆಮೇಲೆ ನಾನು ಆಕೆಯನ್ನು ನೋಡಿದ್ದು ಒಂದೇ ಸಲ, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ. ಮುಖಕ್ಕೆ ಬಟ್ಟೆ ಇರಲಿಲ್ಲವಾದ್ದರಿಂದ ಕ್ಷಣ ತಡೆದು ಗುರುತಿಸಿದೆ. ತೊಡೆಯ ಮೇಲೊಂದು ಚೀಲ. ಗುತ್ತಲಕ್ಕೆ ಹೊರಟಿದ್ದಳು. “ನನ್ನ ನಂಬರ್ ನೋಡಿದ್ರ ಶೋಭಾ ಎತ್ತೂದಿಲ್ಲ ಸಾವ್ಕಾರ್ರ. ನಿಮ್ಮ ಫೋನಿಂದ ಹಚ್ಚಿಕೊಡ್ರಿ. ಅದು ಬರೇ ಸೀರಿಯಲ್ ಅಂತ ನೀವರ ತಿಳಿಸಿ ಹೇಳ್ರಿ.”

ಹಚ್ಚಿದೆ. ಆಕೆಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಯಾರೆಂದು ಹೇಳಿ, ಅವ್ವ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಮಂದಿ ಕಾಡಿಸಿದ್ದಕ್ಕೆ ಆಡಿದ್ದು ಎಂದು ನನಗೆ ತಿಳಿದಂತೆ ತಿಳಿಸಿದೆ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಮೆತ್ತಗಿನ ದನಿ: “ನನಗೇನು ಸಿಟ್ಟಿಲ್ರಿ ಅಣ್ಣಾರ. ಅವ್ವಗ ಆರಾಮ ಇರು ಅಂತ ಹೇಳ್ರಿ.” ಫೋನು ಇಟ್ಟಳು.

“ಕೇಳಿದ್ಯಲ್ಲ, ಸಿಟ್ಟಿಲ್ಲಂತ” ಎಂದೆ ನಾನು, ಸಮಾಧಾನಕ್ಕೆ.

ಈಗ ಆಕೆ ಬೇರೆ ಗೋದಾಮಿಗೆ ಹೋಗುತ್ತಾಳೆ. ಅಲ್ಲಿ ಯಾರ ಜೊತೆಗೂ ಮಾತಿಲ್ಲವಂತೆ, ಟೀವಿಯನ್ನೂ ತಂಗಿಯ ಮನೆಗೆ ಕೊಟ್ಟಳಂತೆ. ಹೆಚ್ಚು ಪಗಾರದ ಆಸೆ ತೋರಿಸಿ ಹೇಳಿ ಕಳಿಸಿದೆ, ಬರಲಿಲ್ಲ. ನನ್ನಲ್ಲಿ ಈಗ ಹೆಂಗಸರು ಕಿವಿಗೆ ವೈರು ಸಿಕ್ಕಿಸಿಕೊಂಡು ತಮ್ಮ ತಮ್ಮದು ಕೇಳಿಕೊಂಡು ತೊಟ್ಟು ಬಿಡಿಸುತ್ತಾರೆ.

ಅವತ್ತು ಹಾವೇರಿಯಲ್ಲಿ ಗುತ್ತಲದ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. “ಹತ್ತವಾ, ಬಸ್ಸು ಹೋಗ್ತೈತಿ” ಎಂದೆ. ಫಕೀರವ್ವ ಏಳಲಿಲ್ಲ.

“ಆಕಿಗೆ ಸಿಟ್ಟಿದ್ದಿದ್ರ ಹೋಗ್ತಿದ್ದೆ ಸಾವ್ಕಾರ್ರ” ಅಂದಳು. “ಸಿಟ್ಟ ಇಲ್ಲಂತಲ್ಲ, ಹೋಗಿ ಏನ್ ಸಮಾಧಾನ ಮಾಡ್ಲಿ?”